ಖಾತೆ ಮುಂದೆ ಮಾಡಿ

"ಇನ್ನೊಂದ್ಸಲ ಹಾಕಿ," ಎಂದಳು ಕಿವಿ ಅಕ್ಕ.

"ಆಗ್ಲೇ ಮೂರು ಸಲ ಆಯ್ತಲ್ಲ ಮೇಡಂ," ಎಂದ ಬ್ಯಾಂಕಿನ ದೂರು ವಿಭಾಗದ ಅಧಿಕಾರಿ. ಆದರೂ ಗುಂಡಿ ಒತ್ತಿದ.

ಮೇಜಿನ ಮೇಲಿನ ಸ್ಪೀಕರಿನಿಂದ ಮೊದಲು ಬ್ಯಾಂಕಿನ ಹುಡುಗಿಯ ದನಿ ಬಂತು. "ನಮಸ್ಕಾರ. ನಿಮ್ಮ ಖಾತೆ ಮುಚ್ಚೋಕೆ ಆ್ಯಪಿನಲ್ಲಿ ಕೋರಿಕೆ ಬಂದಿದೆ. ಅದನ್ನ ಖಚಿತ ಮಾಡ್ಕೊಳ್ಳೋಕೆ ಫೋನ್ ಮಾಡಿದ್ದೀವಿ. ಖಾತೆದಾರರೇ ಮಾತಾಡ್ತಿರೋದಾ?"

"ಹೂಂ, ನಾನೇ," ಎಂದಿತು ಇನ್ನೊಂದು ಹೆಂಗಸಿನ ದನಿ.

"ನಿಮ್ಮ ಹುಟ್ಟಿದ ದಿನ ಹೇಳ್ತೀರಾ?"

ಆ ದನಿ ಹೇಳಿತು. ದಿನ, ತಿಂಗಳು, ವರ್ಷ, ಎಲ್ಲವನ್ನೂ ತಡವರಿಸದೆ.

"ಸರಿ. ಈಗ ಖಾತೆ ಏನು ಮಾಡೋಣ?"

"ಮುಂದೆ ಮಾಡಿ."

"ಮುಂದೆ...?"

"ಹೂಂ ಕಣಮ್ಮ, ಖಾತೆ ಮುಂದೆ ಮಾಡಿ. ಸಾಕು."

"ಸರಿ, ಮುಂದುವರಿಸ್ತೀವಿ. ಧನ್ಯವಾದ."

ಕರೆ ಮುಗಿಯಿತು. ಅಧಿಕಾರಿ ಕುರ್ಚಿಗೆ ಒರಗಿ ಕೈ ಕಟ್ಟಿಕೊಂಡ.

ಇಡೀ ಪೇಟೆಗೆ ಅವಳು ಕಿವಿ ಅಕ್ಕ. ಇಪ್ಪತ್ತೆರಡು ವರ್ಷದಿಂದ ಕಿವಿ ಕೇಳಿಸದವರಿಗೆ ಮಿಷನ್ ಕೂರಿಸುವುದು ಕಸುಬು. ಯಾರದ್ದಾದರೂ ಮನೆಯಲ್ಲಿ ಏನಾದರೂ ಕಳೆದರೆ, ಯಾರಾದರೂ ಸುಳ್ಳು ಹೇಳಿದರೆ ಪತ್ತೆ ಹಚ್ಚುವುದು ಚಟ. ಜನ ಬಾಯಲ್ಲಿ ಸುಳ್ಳು ಹೇಳುತ್ತಾರೆ, ಉಸಿರಲ್ಲಿ ನಿಜ ಹೇಳುತ್ತಾರೆ ಎಂದು ಅವಳು ನಂಬಿದ್ದಳು. ಊರವರ ಗುಟ್ಟು ಹುಡುಕಿಕೊಂಡು ಓಡಾಡಿದವಳಿಗೆ ಈಗ ತನ್ನದೇ ಬುಡಕ್ಕೆ ನೀರು ಬಂದಿತ್ತು.

ಅವಳ ಹನ್ನೊಂದು ಮಂದಿ ವಯಸ್ಸಾದ ಗಿರಾಕಿಗಳು, ಅಂಗಡಿಯ ಹೆಸರಲ್ಲಿ ಬಂದ 'ಮಿಷನ್ ವಾರಂಟಿ ನವೀಕರಣ' ಎಂಬ ಸಂದೇಶ ನಂಬಿ ಹಣ ಹಾಕಿ ಮೋಸ ಹೋಗಿದ್ದರು. ಹಣ ಹೋಗಿದ್ದು ಕಿವಿ ಅಕ್ಕನ ಹೆಸರಿನ ಖಾತೆಗೇ. ಎಂಟು ತಿಂಗಳ ಹಿಂದೆ ಮುಚ್ಚಿಸಿ ಕೈ ತೊಳೆದುಕೊಂಡೆ ಎಂದು ಅವಳು ತಿಳಿದಿದ್ದ ಆನ್‌ಲೈನ್ ಖಾತೆಗೆ.

ಇನ್ಸ್‌ಪೆಕ್ಟರ್ ಖಂಡಿತವಾಗಿ ಹೇಳಿದ್ದರು: "ಇವತ್ತು ಸಂಜೆ ಐದರೊಳಗೆ ನಿಮ್ಮ ಹಳೇ ಫೋನ್ ಯಾರ ಕೈಲಿತ್ತು ಅಂತ ಬರೆದುಕೊಡಿ. ಇಲ್ಲಾಂದ್ರೆ ನಿಮ್ಮ ಹೆಸರೇ ಬರ್ಕೋತೀನಿ." ಆ ಹೇಳಿಕೆಯ ಹಾಳೆ ಅವಳ ಚೀಲದಲ್ಲಿತ್ತು. ಹೆಸರಿನ ಜಾಗ ಖಾಲಿಯಾಗಿತ್ತು.

"ನಾನು ಎಲ್ಲಾ ಸರಿಯಾಗೇ ಮಾಡಿದ್ದೆ," ಎಂದಳು. "ಇದ್ದ ದುಡ್ಡು ಬೇರೆ ಬ್ಯಾಂಕಿಗೆ ಹಾಕ್ಕೊಂಡೆ. ತಿಂಗಳು ತಿಂಗಳು ತಾನಾಗೇ ಹೋಗೋ ಬಿಲ್ಲುಗಳನ್ನೆಲ್ಲ ಅಲ್ಲಿಗೆ ಬದಲಾಯಿಸ್ದೆ. ಆ್ಯಪಿನಲ್ಲಿ 'ಖಾತೆ ಮುಚ್ಚಿ' ಅಂತ ಒತ್ತಿದೆ. ಆಮೇಲೆ ಆ್ಯಪ್ ಅಳಿಸಿದೆ."

"ಆ್ಯಪ್ ಅಳಿಸಿದ್ರೆ ನಿಮ್ಮ ಫೋನು ಹಗುರ ಆಗುತ್ತೆ ಮೇಡಂ, ಖಾತೆ ಮುಚ್ಚಲ್ಲ. ಕೋರಿಕೆ ಒತ್ತಿದ ಏಳು ದಿನದೊಳಗೆ ನಾವು ಫೋನ್ ಮಾಡಿ ಕೇಳ್ತೀವಿ. ನೀವು ಹೂಂ ಅಂದ್ಮೇಲೆ ಮುಚ್ಚಿದ ಪತ್ರ ಕಳಿಸ್ತೀವಿ. ಪತ್ರ ಬಂತಾ?"

"ಇಲ್ಲ."

"ಯಾಕೆ ಬಂದಿಲ್ಲ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಅದೇ ವಾರ ಹೊಸ ಫೋನು, ಹೊಸ ನಂಬರು ತೆಗೆದುಕೊಂಡಿದ್ದಳು. ಹಳೆಯದು ಸಿಮ್ ಸಮೇತ ಅಂಗಡಿಯ ಡ್ರಾಯರಿನಲ್ಲಿ ಬಿದ್ದಿತ್ತು. ಈಗ ನೋಡಿದರೆ ಡ್ರಾಯರಿನಲ್ಲಿ ಇಕ್ಕಳ, ಬ್ಯಾಟರಿ ಎಲ್ಲ ಇವೆ, ಫೋನು ಮಾತ್ರ ಇಲ್ಲ.

"ಪತ್ರ ಕೈಗೆ ಬರೋವರೆಗೂ ಹಳೇ ನಂಬರ್ ಕೈ ಬಿಡಬಾರದು," ಎಂದ ಅಧಿಕಾರಿ. "ಆ ಸಿಮ್ ಯಾರ ಕೈಲಿದ್ಯೋ ಅವರು ಹೊಸ ಗುಪ್ತ ಸಂಖ್ಯೆ ಮಾಡ್ಕೊಳ್ಳೋದು ಎರಡು ನಿಮಿಷದ ಕೆಲಸ. ಈಗ ಹೇಳಿ ಏನು ಪ್ರಯೋಜನ ಬಿಡಿ. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ."

ಗಾಯದ ಮೇಲೆ ಬರೆ ಎಳೆಯುವುದರಲ್ಲಿ ಪಳಗಿದ ಕೈ. ಬೇರೆ ದಿನವಾಗಿದ್ದರೆ ಕಿವಿ ಅಕ್ಕ ಸರಿಯಾದ ಉತ್ತರವನ್ನೇ ಕೊಡುತ್ತಿದ್ದಳು.

ಆದರೆ ಅವಳ ಗಮನವೆಲ್ಲ ಆ ದನಿಯ ಮೇಲಿತ್ತು. ಬ್ಯಾಂಕಿನವರು ಜಾಗ ಉಳಿಸಲು ಧ್ವನಿಮುದ್ರಿಕೆಯನ್ನು ಹಿಂಡಿ ಹಿಪ್ಪೆ ಮಾಡಿ ಇಟ್ಟಿದ್ದರು. ದನಿ ಎಷ್ಟು ತೆಳ್ಳಗಾಗಿತ್ತೆಂದರೆ ಯಾವ ಹೆಂಗಸಿನದಾದರೂ ಆಗಬಹುದಿತ್ತು. ದನಿ ಗುರುತು ಸಿಗದಿದ್ದರೂ ಮಾತಿನ ಗುರುತು ಸಿಕ್ಕಿತ್ತು.

"ನಿಮ್ಮ ಹುಡುಗಿ ತಪ್ಪು ತಿಳ್ಕೊಂಡಿದಾಳೆ," ಎಂದಳು ನಿಧಾನವಾಗಿ. "ಮುಂದೆ ಮಾಡಿ ಅಂದ್ರೆ ಮುಂದುವರಿಸಿ ಅಂತ ಅಲ್ಲ. ಮುಚ್ಚಿ ಅಂತ."

ಅಧಿಕಾರಿ ಹುಬ್ಬೇರಿಸಿದ.

"ಬಾಗಿಲು ಮುಂದೆ ಮಾಡು ಅಂತ ಹಿರಿಯರು ಹೇಳಲ್ವಾ? ಮುಚ್ಚು ಅನ್ನೋದು ಕೆಟ್ಟ ಮಾತು ಅಂತ. ಬಾಗಿಲಿಗೆ ಹಾಗನ್ನೋರು ಎಷ್ಟೋ ಜನ ಇದಾರೆ. ಆದ್ರೆ ಪಾತ್ರೆ ಮುಚ್ಚಳ, ಪುಸ್ತಕ, ಅಂಗಡಿ, ಖಾತೆ, ಎಲ್ಲದಕ್ಕೂ ಅದನ್ನೇ ಅನ್ನೋದು ಒಂದೇ ಮನೇಲಿ."

"ಯಾರ ಮನೇಲಿ?"

"ನಮ್ಮನೇಲಿ."

ಅಧಿಕಾರಿಗೆ ನಗು ಬಂತು. ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

ಕಿವಿ ಅಕ್ಕ ಇನ್ನೊಂದು ವಿಷಯ ಅವನಿಗೆ ಹೇಳಲಿಲ್ಲ. ಆ ಮಾತಿನ ಹಿಂದೆ, ಸೊಳ್ಳೆಯ ರಾಗದಷ್ಟು ಸಣ್ಣದಾಗಿ ಒಂದು ಸೀಟಿ ಕೇಳುತ್ತಿತ್ತು. ಕಿವಿಯ ಮಿಷನ್ ಹಾಕಿಕೊಂಡವರು ಫೋನನ್ನು ಅದರ ಹತ್ತಿರಕ್ಕೆ ಒತ್ತಿ ಹಿಡಿದರೆ ಹಾಗೆ ಸೀಟಿ ಬರುತ್ತದೆ. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿದ್ದರೆ ಇನ್ನೂ ಜಾಸ್ತಿ.

ಅವರ ಮನೆಯಲ್ಲಿದ್ದದ್ದು ಮೂರೇ ಜನ, ಮೂವರೂ ಹೆಂಗಸರು: ಅವಳು, ಅವಳ ತಂಗಿ, ಇಬ್ಬರನ್ನೂ ಸಾಕಿದ ದೊಡ್ಡಮ್ಮ. ಮಿಷನ್ ಹಾಕಿಕೊಳ್ಳುವವಳು ದೊಡ್ಡಮ್ಮ ಒಬ್ಬಳೇ. ಅದನ್ನು ಕೂರಿಸಿದ್ದು ಕಿವಿ ಅಕ್ಕನೇ.

"ಇನ್ನೊಂದು ಕರೆ ಇದೆ ಮೇಡಂ," ಎಂದ ಅಧಿಕಾರಿ, ಅವಳು ಎದ್ದು ನಿಂತಾಗ. "ನಮ್ಮ ಮೇಲ್ವಿಚಾರಕರಿಗೂ ಈ 'ಮುಂದೆ' ಅರ್ಥ ಆಗಿಲ್ಲ. ಮೂರು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದಾರೆ. ಅದು ಬೇರೆ ಕಡೆ ಇದೆ, ತರಿಸ್ಬೇಕು. ನಾಲ್ಕು ಗಂಟೆಗೆ ಬನ್ನಿ."

*

ಅಂಗಡಿಯಲ್ಲಿ ತಂಗಿ ಕೌಂಟರಿನ ಹಿಂದೆ ಕೂತು ಸಣ್ಣ ಬ್ರಷ್ಷಿನಿಂದ ಒಂದು ಮಿಷನ್ನಿಗೆ ಅಂಟಿದ ಕಿವಿಯ ಗುಗ್ಗೆ ತೆಗೆಯುತ್ತಿದ್ದಳು.

"ಏನಕ್ಕಾ, ಬ್ಯಾಂಕಿನವರು ಟೀ ಆದ್ರೂ ಕೊಟ್ರಾ? ನಿನ್ನ ಮುಖ ನೋಡಿದ್ರೆ ಟೀಗೂ ಶುಲ್ಕ ಹಾಕಿರೋ ಹಾಗಿದೆ."

ಕಿವಿ ಅಕ್ಕನಿಗೆ ಅಷ್ಟು ಸಂಕಟದಲ್ಲೂ ನಗು ಬಂತು. ಈ ಹದಿನೈದು ದಿನ ಅವಳು ನೆಲ ಕಚ್ಚದೆ ನಿಂತಿದ್ದರೆ ಅದು ಈ ತಂಗಿಯಿಂದ. ಹನ್ನೊಂದು ಮನೆಗೂ ಜೊತೆಗೆ ಬಂದಿದ್ದಳು. ಒಬ್ಬ ಮುದುಕರು "ನಿನ್ನನ್ನ ಮಗಳು ಅಂದ್ಕೊಂಡಿದ್ನಲ್ಲಮ್ಮ" ಎಂದು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಾಗ ಅಕ್ಕನ ಕೈ ಹಿಡಿದು ಮೆಟ್ಟಿಲಿಳಿಸಿದವಳು ಅವಳೇ.

"ದನಿ ಯಾರದ್ದು ಅಂತ ಗೊತ್ತಾಯ್ತಾ?" ಎಂದು ಕೇಳಿದಳು ತಂಗಿ, ಬ್ರಷ್ಷಿನಿಂದ ಕಣ್ಣೆತ್ತದೆ.

"ಇಲ್ಲ. ಎಲ್ಲಾ ಹಿಂಡಿ ಹಾಕಿದಾರೆ."

ತಂಗಿ ಉಸಿರು ಬಿಟ್ಟಳು. ಪಾಪ, ಅವಳಿಗೂ ಎಷ್ಟು ಆತಂಕ ಎಂದುಕೊಂಡಳು ಅಕ್ಕ.

ಒಳಗಿನ ಬೆಂಚಿನ ಮೇಲೆ ದೊಡ್ಡಮ್ಮ ಕೂತಿದ್ದಳು. ಪಕ್ಕದ ಗಿರಾಕಿಯ ಕಡೆ ಕಣ್ಣು ಹಾಯಿಸಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕಿವಿ ಅಕ್ಕನಿಗೆ ಪಿಸುಗುಟ್ಟಿದಳು: "ಈ ಯಮ್ಮ ಹೋದ್ಸಲನೂ ಚೌಕಾಸಿ ಮಾಡಿ ಪ್ರಾಣ ತಿಂದಿದ್ಲು ಕಣೇ."

ಗಿರಾಕಿ ತಿರುಗಿ ನೋಡಿದಳು. ಕಿವಿ ಮಂದವಾದವರಿಗೆ ತಮ್ಮ ಪಿಸುಮಾತಿನ ಅಳತೆ ಸಿಗುವುದಿಲ್ಲ. ದೊಡ್ಡಮ್ಮನ ಗುಟ್ಟು ಬೀದಿಯ ಆಚೆ ಬದಿಗೂ ಕೇಳುತ್ತದೆ ಎಂಬುದು ಮನೆಯ ಹಳೇ ತಮಾಷೆ.

"ಬಾ ದೊಡ್ಡಮ್ಮ, ನಿನ್ನ ಮಿಷನ್ ನೋಡ್ಬೇಕು," ಎಂದಳು ಕಿವಿ ಅಕ್ಕ.

ಪರೀಕ್ಷೆಯ ಕೋಣೆ ಬೀರುವಿಗಿಂತ ಸ್ವಲ್ಪ ದೊಡ್ಡದು. ಗೋಡೆಗೆಲ್ಲ ಬೂದು ಸ್ಪಂಜು, ಒಂದು ಗಾಜಿನ ಕಿಟಕಿ, ದಪ್ಪ ಬಾಗಿಲು. ಅದನ್ನು ಎಳೆದುಕೊಂಡರೆ ಹೊರಗಿನ ಪ್ರಪಂಚ ಸತ್ತುಹೋದ ಹಾಗೆ. ಎದುರು ಕೂತವರ ಗಂಟಲಲ್ಲಿ ಎಂಜಲು ಇಳಿಯುವುದೂ ಕೇಳುತ್ತದೆ.

"ಬಾಗಿಲು ಮುಂದೆ ಮಾಡ್ಲಾ?" ಎಂದಳು ದೊಡ್ಡಮ್ಮ.

ಕಿವಿ ಅಕ್ಕ ತಲೆಯಾಡಿಸಿದಳು. "ಮಾಡು," ಎಂದಳು.

ತನ್ನ ಫೋನನ್ನು ತೆಗೆದು ದೊಡ್ಡಮ್ಮನ ಎಡಗಿವಿಯ ಹತ್ತಿರ ಹಿಡಿದಳು. ಕುಂಯ್ ಎಂದು ಸೀಟಿ ಬಂತು. ಅದೇ ಎತ್ತರದ, ಅದೇ ಸಣ್ಣ ಸೀಟಿ.

"ಅಚ್ಚು ಸಡಿಲ ಆಗಿದೆ," ಎಂದಳು. "ದೊಡ್ಡಮ್ಮ, ಎಂಟು ತಿಂಗಳ ಹಿಂದೆ ನನ್ನ ಹಳೇ ಫೋನಿಗೆ ಬ್ಯಾಂಕಿಂದ ಕರೆ ಬಂದಿತ್ತು. ನಾನೇ ಅಂತ ಹೇಳಿ ಮಾತಾಡಿದ್ದು ನೀನು."

ದೊಡ್ಡಮ್ಮ ಅವಳನ್ನೇ ನೋಡಿದಳು. ಸುಳ್ಳು ಹೇಳುತ್ತಾಳೆಂದು ಕಿವಿ ಅಕ್ಕ ಕಾದಳು. ದೇವರೇ, ಸುಳ್ಳಾದರೂ ಹೇಳಲಿ ಎಂದೂ ಅನ್ನಿಸಿತು.

"ಹೌದು, ನಾನೇ ಮಾತಾಡಿದ್ದು. ಏನೀಗ?"

"ಏನೀಗ ಅಂತೀಯಲ್ಲ!"

"ಡ್ರಾಯರಿನಲ್ಲಿ ಬಡ್ಕೊಳ್ತಾ ಇತ್ತು, ಎತ್ತಿದೆ. ಖಾತೆ ಏನು ಮಾಡೋಣ ಅಂದ್ಲು ಆ ಹುಡುಗಿ. ನೀನು ಮುಂದೆ ಮಾಡಿಸ್ಬೇಕು ಅಂತ ತಿಂಗಳೆಲ್ಲ ಬಡ್ಕೊಂಡಿದ್ದೆಯಲ್ಲ, ಮುಂದೆ ಮಾಡಿ ಅಂದೆ. ನೀನಲ್ಲ ಅಂದ್ರೆ ನಾಳೆ ಮಾಡಿ ನಾಡಿದ್ದು ಮಾಡಿ ಅಂತ ಸತಾಯಿಸ್ತಾರೆ ಅಂತ 'ನಾನೇ' ಅಂದೆ. ಹುಟ್ಟಿದ ದಿನ ಕೇಳಿದ್ಲು. ಅದು ನನಗೆ ಗೊತ್ತಿರಲ್ವಾ? ನೀನು ಹುಟ್ಟಿದ ತಕ್ಷಣ ಮೊದಲು ಎತ್ಕೊಂಡಿದ್ದು ಈ ಕೈ."

ಕಿವಿ ಅಕ್ಕ ಕುರ್ಚಿ ಎಳೆದು ಹತ್ತಿರ ಕೂತಳು.

"ಅವಳು ಅದನ್ನ ಮುಂದುವರಿಸಿ ಅಂತ ತಿಳ್ಕೊಂಡಳು ದೊಡ್ಡಮ್ಮ," ಎಂದಳು. "ಮುಚ್ಚಿ ಅಂತ ಒಂದು ಮಾತು ಅಂದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ."

"ಆ ಮಾತು ಈ ಬಾಯಲ್ಲಿ ಬರಲ್ಲ," ಎಂದಳು ದೊಡ್ಡಮ್ಮ. "ನಿಮ್ಮಮ್ಮನ್ನ, ನಿಮ್ಮಪ್ಪನ್ನ ಒಂದೇ ತಿಂಗಳಲ್ಲಿ ಮಣ್ಣು ಮಾಡಿ ಬಂದಿದ್ದು ನಾನು. ಗುಂಡಿ ಹತ್ತಿರ ನಿಂತೋರ ಬಾಯಲ್ಲೆಲ್ಲ ಆ ಒಂದೇ ಮಾತು. ನಿನಗೆ ಒಂಬತ್ತು ವರ್ಷ, ಅವಳಿಗೆ ನಾಲ್ಕು. ಅವತ್ತೇ ಅಂದ್ಕೊಂಡೆ, ಇನ್ನು ಈ ಮಕ್ಕಳ ಮುಂದೆ ಆ ಮಾತು ಆಡಲ್ಲ ಅಂತ. ಇವತ್ತಿನವರೆಗೂ ಆಡಿದ್ದೀನಾ? ನೀನೇ ಹೇಳು."

ಇಲ್ಲ, ಆಡಿರಲಿಲ್ಲ. ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಇಲ್ಲ. ಕಿವಿ ಅಕ್ಕನ ಕಣ್ಣು ತುಂಬಿ ಬಂತು. ಸಾಕಿದವಳನ್ನೇ ಕಳ್ಳಿಯ ಹಾಗೆ ಕೂರಿಸಿಕೊಂಡು ವಿಚಾರಣೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಎರಡು ಕೈಯಲ್ಲೂ ದೊಡ್ಡಮ್ಮನ ಕೈ ಹಿಡಿದುಕೊಂಡಳು.

"ನನಗೆ ಯಾಕೆ ಹೇಳ್ಲಿಲ್ಲ ಆವತ್ತು?"

"ಮರೆತೆ ಕಣೇ. ವಯಸ್ಸಾಯ್ತು."

"ಆಮೇಲೆ ಮತ್ತೆ ಫೋನ್ ಬಂತಾ? ಮೂರು ದಿನ ಬಿಟ್ಟು?"

ದೊಡ್ಡಮ್ಮ ಒಂದು ಕೈ ಬಿಡಿಸಿಕೊಂಡು ಕಿವಿಯ ಹತ್ತಿರ ಒಯ್ದಳು. ಟಿಕ್ ಎಂದು ಸಣ್ಣ ಸದ್ದಾಯಿತು.

"ಆಂ? ಏನಂದೆ? ಬ್ಯಾಟರಿ ಹೋಯ್ತು ಅನ್ಸುತ್ತೆ."

ಬ್ಯಾಟರಿಯನ್ನು ಕಿವಿ ಅಕ್ಕ ಹಿಂದಿನ ದಿನವಷ್ಟೇ ಬದಲಾಯಿಸಿದ್ದಳು. ಕೇಳಬಾರದ್ದು ಕೇಳಬೇಕಾದಾಗ ಮುದುಕಿ ಬ್ಯಾಟರಿಯ ಬಾಗಿಲು ತೆರೆದು ಕಿವುಡಿಯಾಗುತ್ತಾಳೆ ಎಂಬುದೂ ಅವಳಿಗೆ ಗೊತ್ತಿತ್ತು. ಬೇರೆ ಯಾರ ಮನೆಯಾಗಿದ್ದರೂ ಅಲ್ಲೇ ಹಿಡಿಯುತ್ತಿದ್ದಳು. ಆದರೆ ಮನಸ್ಸು ಹಗುರವಾಗಿತ್ತು, ಅದನ್ನು ಮತ್ತೆ ಭಾರ ಮಾಡಿಕೊಳ್ಳಲು ಇಷ್ಟವಿರಲಿಲ್ಲ.

"ಏನಿಲ್ಲ ಬಿಡು," ಎಂದು ಬಾಗಿಲು ತೆರೆದಳು.

*

ನಾಲ್ಕು ಗಂಟೆಗೆ ಬ್ಯಾಂಕಿಗೆ ಹೋಗುವಾಗ ಹೇಳಿಕೆಯನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದಳು. ವಯಸ್ಸಾದವರು ಆಡಿದ ಒಂದು ಮಾತು ತಪ್ಪು ಅರ್ಥವಾಗಿ ಖಾತೆ ತೆರೆದೇ ಉಳಿಯಿತು. ಆಮೇಲೆ ಅಂಗಡಿಗೆ ಬಂದ ಯಾವನೋ ಹೊರಗಿನವನು ಫೋನು ಎಗರಿಸಿದ. ಮನೆಯವರದ್ದೇನೂ ತಪ್ಪಿಲ್ಲ.

ಅಧಿಕಾರಿ ಅವಳಿಗಾಗಿ ಕಾಯುತ್ತಿದ್ದ. ಬೆಳಗಿನ ಹಾಸ್ಯ ಮುಖದಲ್ಲಿರಲಿಲ್ಲ.

"ಕೇಳಿಸ್ಕೊಳ್ಳಿ," ಎಂದು ಗುಂಡಿ ಒತ್ತಿದ.

ಈ ಸಲ ಮಾತಾಡಿದ್ದು ಗಂಡಸಿನ ದನಿ, ಮೇಲ್ವಿಚಾರಕನದು. "ಅಮ್ಮ, ಮೊನ್ನೆ ಮಾತಾಡಿದವರೇ ತಾನೇ? ದನಿ ಹೊಂದಿದ್ರೆ ಮಾತ್ರ ನಾವು ಮುಂದಿನ ಕೆಲಸ ಮಾಡೋದು. ಹಾಂ, ನಮ್ಮ ಯಂತ್ರ ಹೊಂದಿದೆ ಅಂತಿದೆ. ಈಗ ಸ್ಪಷ್ಟವಾಗಿ ಹೇಳಿ. ಖಾತೆ ಇಟ್ಕೋತೀರಾ, ಬೇಡ್ವಾ?"

ಸೀಟಿ ಕೇಳಿತು. ಅದೇ ಸಣ್ಣ ಸೀಟಿ. ಹಿಂದೆ ಏನೋ ಗುಸುಗುಸು. ಆಮೇಲೆ ಆ ದನಿ.

"ಮುಚ್ಚಬೇಡಿ."

ಕಿವಿ ಅಕ್ಕ ಸ್ಪೀಕರಿನ ಕಡೆ ಬಾಗಿದಳು.

"ಖಾತೆ ಮುಚ್ಚಬೇಡಿ. ಹಾಗೇ ಇರಲಿ," ಎಂದಿತು ದೊಡ್ಡಮ್ಮನ ಬಾಯಿ.

ಮೂವತ್ತೈದು ವರ್ಷ ಕಾಪಾಡಿಕೊಂಡು ಬಂದ ಬಾಯಿ. ಎರಡು ಗಂಟೆಯ ಹಿಂದೆ ಅಮ್ಮ ಅಪ್ಪನ ಮಣ್ಣನ್ನು ನೆನೆದು ಪ್ರಮಾಣ ಮಾಡಿದ ಬಾಯಿ. ಅದನ್ನು ಕೇಳಿ ಕಣ್ಣೀರು ಹಾಕಿದ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಊರಿಗೆಲ್ಲ ಕಿವಿ ಕೊಟ್ಟವಳ ಕಿವಿ ಮೇಲೇ ಹೂ ಇಟ್ಟಿದ್ದರು, ಅದೂ ಮನೆಯೊಳಗೆ ಕೂರಿಸಿಕೊಂಡು, ಕೈ ಹಿಡಿದುಕೊಂಡು.

"ನಿಮ್ಮ ಮನೇಲಿ ಮುಚ್ಚು ಅನ್ನಲ್ಲ ಅಂದ್ರಿ ಬೆಳಿಗ್ಗೆ," ಎಂದ ಅಧಿಕಾರಿ, ಮೆಲ್ಲಗೆ.

"ಹಿಂದೆ ಯಾರೋ ಮಾತಾಡ್ತಿದಾರೆ," ಎಂದಳು ಅವಳು. "ಹೆಡ್‌ಫೋನ್ ಇದ್ಯಾ?"

ಕೊಟ್ಟ. ಅವಳು ಕಣ್ಣು ಮುಚ್ಚಿ ಕೂತಳು. ಆ ಗುಸುಗುಸು ಬರುವ ಜಾಗವನ್ನೇ ಮತ್ತೆ ಮತ್ತೆ ಹಾಕಿಸಿದಳು. ಸೀಟಿಯನ್ನು ಮನಸ್ಸಿನಿಂದ ಪಕ್ಕಕ್ಕಿಟ್ಟಳು, ಲೈನಿನ ಕರಕರವನ್ನು ಪಕ್ಕಕ್ಕಿಟ್ಟಳು. ಸಾವಿರ ಕಿವುಡರ ಪರವಾಗಿ ಕೇಳಿ ಪಳಗಿದ ಕಿವಿ ಅದು. ಏಳನೆಯ ಸಲಕ್ಕೆ ಮಾತುಗಳು ಒಂದೊಂದಾಗಿ ಮೇಲೆ ಬಂದವು.

"ಮುಂದೆ ಅನ್ಬೇಡ ದೊಡ್ಡಮ್ಮ, ಅವರಿಗೆ ಅರ್ಥ ಆಗಲ್ಲ. ಮುಚ್ಚಬೇಡಿ ಅನ್ನು."

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

ಬೀದಿಯವರಿಗೆಲ್ಲ ಆ ಮುದುಕಿ ಅಜ್ಜಿ. ಗಿರಾಕಿಗಳಿಗೆ ದೊಡ್ಡವರು, ಹಾಲಿನವನಿಗೆ ಅಮ್ಮಾವ್ರು. ಅವಳನ್ನು ದೊಡ್ಡಮ್ಮ ಎಂದು ಕರೆಯುವವರು ಈ ಪ್ರಪಂಚದಲ್ಲಿ ಇಬ್ಬರೇ. ಒಬ್ಬಳು ಈ ಕುರ್ಚಿಯಲ್ಲಿ ಕೂತಿದ್ದಳು.

ಹನ್ನೊಂದು ಮನೆಯ ಮೆಟ್ಟಿಲು ನೆನಪಾಯಿತು. ಕೈ ಹಿಡಿದು ಇಳಿಸಿದ ಕೈ ನೆನಪಾಯಿತು. ದನಿ ಯಾರದ್ದು ಎಂದು ಕೇಳಿ, ಇಲ್ಲ ಎಂದಾಗ ಬಿಟ್ಟ ಆ ಉಸಿರೂ ನೆನಪಾಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಎಷ್ಟು ಮನೆಗಳಲ್ಲಿ ಕೂತು ಅವಳೇ ಸಮಾಧಾನ ಹೇಳಿರಲಿಲ್ಲ! ಆ ಗಾದೆಯಿಂದ ಯಾರಿಗೂ ಸಮಾಧಾನ ಆಗುವುದಿಲ್ಲ ಎಂದು ಈಗ ತಿಳಿಯಿತು.

"ಯಾರು ಅಂತ ಗೊತ್ತಾಯ್ತಾ ಮೇಡಂ?"

ಅವಳು ಚೀಲದಿಂದ ಹೇಳಿಕೆಯ ಹಾಳೆ ತೆಗೆದಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತು. ಠಾಣೆ ಎದುರು ರಸ್ತೆಯಲ್ಲೇ ಇತ್ತು. ಇಲ್ಲಿ ಒಂದು ಹೆಸರು ಬರೆದರೆ ತಾನು ಉಳಿಯಬಹುದು, ಬರೆಯದಿದ್ದರೆ ತಾನೇ ಕಳ್ಳಿ. ಪೆನ್ನಿನ ಕ್ಯಾಪು ತೆಗೆದಳು. ನಾಲ್ಕು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದ ಅವಳೊಳಗಿನ ಒಂಬತ್ತು ವರ್ಷದ ಹುಡುಗಿ ಕೈ ಹಿಡಿದು ತಡೆದಳು. ಪೆನ್ನು ಹಾಳೆ ಮುಟ್ಟಲಿಲ್ಲ.

ಆಗ ಫೋನು ರಿಂಗಾಯಿತು. ತಂಗಿ.

"ಅಕ್ಕಾ, ಎಲ್ಲಿದೀಯ? ಇನ್ನೂ ಬ್ಯಾಂಕಲ್ಲೇನಾ? ಇಲ್ಲಿ ಗಿರಾಕಿಗಳು ಯಾರೂ ಇಲ್ಲ. ಅಂಗಡಿ ಮುಂದೆ ಮಾಡ್ಲಾ?"

ದಿನಾ ಕೇಳುವ ಮಾತು. ದಿನಾ ಹೂಂ ಅನ್ನುವ ಮಾತು.

"ಮುಂದೆ ಮಾಡೋದೇನೂ ಬೇಡ," ಎಂದಳು ಕಿವಿ ಅಕ್ಕ. "ಮುಚ್ಚು."

ಆ ಕಡೆ ಉಸಿರು ನಿಂತಿತು. ಅಕ್ಕನ ಬಾಯಲ್ಲಿ ಆ ಮಾತನ್ನು ತಂಗಿ ಬುದ್ಧಿ ಬಂದಾಗಿನಿಂದ ಕೇಳಿರಲಿಲ್ಲ.

ಆ ಮೌನದೊಳಗೆ, ಫೋನಿಗೆ ಬಹಳ ಹತ್ತಿರದಲ್ಲಿ, ಸಣ್ಣ ಸೀಟಿಯೊಂದು ಕುಂಯ್ ಎಂದಿತು. ಹಾಗಾದರೆ ಕೇಳುತ್ತಿದ್ದದ್ದು ಒಬ್ಬಳಲ್ಲ. ಸೀಟಿಯ ಹಿಂದೆಯೇ ದೊಡ್ಡಮ್ಮನ ಪಿಸುಮಾತು ಬಂತು, ಯಾರಿಗೂ ಕೇಳಿಸುವುದಿಲ್ಲ ಎಂದು ಅವಳು ನಂಬಿದ, ಬೀದಿಯ ಆಚೆಗೂ ಕೇಳುವ ಪಿಸುಮಾತು.

"ಅವಳಿಗೆ ಗೊತ್ತಾಗೋಯ್ತು ಕಣೇ. ಫೋನಿಡು. ಮೊದಲು ಅವನಿಗೆ ಹೇಳು."

ಕರೆ ನಿಂತಿತು. ಮೂರು ಹೆಂಗಸರ ಆ ಮನೆಯಲ್ಲಿ 'ಅವನು' ಎಂದು ಕರೆಯುವಂಥವನು ಯಾರೂ ಇರಲಿಲ್ಲ.